ಗಾಂಜಾ ಮಾರುವ ರಾಜ್ಯದಲ್ಲಿ ನಾವು: ಯಾವ ರಾಜ್ಯ, ಯಾವ ಅಂಗಡಿ, ಯಾವ ರೂಪ, ಯಾರಿಗೆ ಬೇಡವೇ ಬೇಡ

ಯುಗಾದಿ ಕಾರ್ಯಕ್ರಮ ಮುಗಿದಿತ್ತು. ಉಳಿದ ಹೋಳಿಗೆಯನ್ನು ಡಬ್ಬಿಗೆ ತುಂಬಿ ಕಾರಿನ ಡಿಕ್ಕಿಯಲ್ಲಿ ಜೋಡಿಸುತ್ತಿದ್ದೆ. ನಮ್ಮ ಕನ್ನಡ ಕೂಟಕ್ಕೆ ಹೊಸದಾಗಿ ಬರತೊಡಗಿದ್ದ ಮೈಸೂರು ಕಡೆಯ ಹುಡುಗನೊಬ್ಬ ಹತ್ತಿರ ಬಂದು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಕೇಳಿದ: "ಅಕ್ಕಾ, ಕ್ಯಾಲಿಫೋರ್ನಿಯಾದಲ್ಲಿ ಗಾಂಜಾ ಕಾನೂನುಬದ್ಧ ಅಲ್ಲವೇ? ನನಗೆ ನಿದ್ದೆಯೇ ಬರುವುದಿಲ್ಲ. ಅಂಗಡಿಗೆ ಹೋಗಿ, ತೆರಿಗೆ ಕಟ್ಟಿ, ರಸೀದಿ ತೆಗೆದುಕೊಂಡು ತಂದರೆ ತಪ್ಪೇನಿದೆ?"

"ನಿನ್ನ ವೀಸಾ ಯಾವುದು?" ಎಂದೆ. ಅವನು ತಬ್ಬಿಬ್ಬಾದ. ತಾನು ನಿದ್ದೆಯ ಬಗ್ಗೆ ಕೇಳಿದರೆ ಇವರು ವೀಸಾದ ಬಗ್ಗೆ ಕೇಳುತ್ತಿದ್ದಾರಲ್ಲ ಎನ್ನುವ ಮುಖ. ಎಚ್-1ಬಿ ಉದ್ಯೋಗ ವೀಸಾ, ಕಾಯಂ ವಾಸದ ಗ್ರೀನ್ ಕಾರ್ಡಿನ ಸಾಲಿನಲ್ಲಿದ್ದೇನೆ, ಡಿಸೆಂಬರಿನಲ್ಲಿ ಊರಿಗೆ ಹೋಗಿ ಪಾಸ್‌ಪೋರ್ಟಿಗೆ ವೀಸಾ ಸ್ಟ್ಯಾಂಪಿಂಗ್ ಮಾಡಿಸಿಕೊಂಡು ಬರಬೇಕು ಎಂದ. ಹಾಗಾದರೆ ನಿನಗೆ ಇದು ಬೇಡ ಎಂದೆ. ಯಾಕೆ ಎಂದು ಬಿಡಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಯ ಮಾತನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ನಾನು ವಕೀಲೆಯಲ್ಲ. ಆದರೆ ಇಪ್ಪತ್ತು ವರ್ಷ ಈ ದೇಶದಲ್ಲಿದ್ದು, ಇದೇ ವಿಷಯದಲ್ಲಿ ಒಳ್ಳೆಯ ಮನೆಗಳ ಮಕ್ಕಳು ತೊಂದರೆಗೆ ಸಿಕ್ಕಿಕೊಂಡದ್ದನ್ನು ನೋಡಿ ಸಂಕಟಪಟ್ಟವಳು.

ರಾಜ್ಯಕ್ಕಿಂತ ಮೊದಲು ನಿಮ್ಮ ಕಾಗದಪತ್ರ

ಅಮೆರಿಕದ 24 ರಾಜ್ಯಗಳಲ್ಲಿ, ಜೊತೆಗೆ ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯಲ್ಲಿ, 21 ವರ್ಷ ತುಂಬಿದವರು ಗಾಂಜಾ ಇಟ್ಟುಕೊಳ್ಳುವುದು ರಾಜ್ಯದ ಕಾನೂನಿನ ಪ್ರಕಾರ ಅಪರಾಧವಲ್ಲ. ಆದರೆ ಇಡೀ ದೇಶಕ್ಕೆ ಅನ್ವಯಿಸುವ ಫೆಡರಲ್ ಕಾನೂನು ಬೇರೆ. 1970ರ ನಿಯಂತ್ರಿತ ವಸ್ತುಗಳ ಕಾಯ್ದೆ ಗಾಂಜಾವನ್ನು ಹೆರಾಯಿನ್ ಜೊತೆಗೆ ಒಂದನೇ ಪಟ್ಟಿಯಲ್ಲಿ ಇರಿಸಿತು. 2024ರ ಮೇ ತಿಂಗಳಲ್ಲಿ ನ್ಯಾಯ ಇಲಾಖೆ ಅದನ್ನು ಮೂರನೇ ಪಟ್ಟಿಗೆ ಇಳಿಸುವ ಪ್ರಸ್ತಾಪ ಮುಂದಿಟ್ಟಾಗ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ "ಇನ್ನು ಏನೂ ತೊಂದರೆಯಿಲ್ಲ" ಎಂಬ ಸಂದೇಶ ಹರಿದಾಡಿತು. ಅದು ತಪ್ಪು ತಿಳಿವಳಿಕೆ. ಮೂರನೇ ಪಟ್ಟಿಯಲ್ಲಿದ್ದರೂ ಅದು ನಿಯಂತ್ರಿತ ವಸ್ತುವೇ. ವಲಸೆ ಕಾನೂನು ನೋಡುವುದು ವಸ್ತು ಪಟ್ಟಿಯಲ್ಲಿದೆಯೇ ಎಂಬುದನ್ನು. ಎಷ್ಟನೇ ಪಟ್ಟಿ ಎಂಬುದನ್ನಲ್ಲ.

ವಲಸೆ ಪೂರ್ತಿಯಾಗಿ ಫೆಡರಲ್ ಸರ್ಕಾರದ ಕೈಯಲ್ಲಿದೆ. ಆದ್ದರಿಂದ ಒಂದೇ ಅಂಗಡಿಯ ಒಂದೇ ಸಾಲಿನಲ್ಲಿ ನಿಂತ ಮೂವರಿಗೆ, ಒಂದೇ ಪೊಟ್ಟಣ ಕೊಂಡರೂ, ಮೂರು ಬೇರೆ ಬೇರೆ ಫಲ.

ಅಮೆರಿಕದ ಪೌರತ್ವ ಪಡೆದವರಿಗೆ ರಾಜ್ಯದ ನಿಯಮ ಪಾಲಿಸಿದರೆ ದಿನನಿತ್ಯದ ಬದುಕಿನಲ್ಲಿ ಅಪಾಯ ಕಡಿಮೆ. ಸರ್ಕಾರಿ ಭದ್ರತಾ ಅನುಮತಿ ಬೇಕಾದ ಕೆಲಸ ಇಲ್ಲವೇ ಮನೆಯಲ್ಲಿ ಬಂದೂಕು ಇದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ.

ಗ್ರೀನ್ ಕಾರ್ಡ್ ಉಳ್ಳವರು ತಮ್ಮನ್ನು ಅರ್ಧ ಪೌರರೆಂದು ಭಾವಿಸಿ ಎಡವುವುದು ಇಲ್ಲಿಯೇ. ಸ್ವಂತ ಬಳಕೆಗೆಂದು 30 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಗಾಂಜಾ ಇಟ್ಟುಕೊಂಡ ಒಂದೇ ಒಂದು ಪ್ರಕರಣಕ್ಕೆ ಗಡೀಪಾರಿನಿಂದ ವಿನಾಯಿತಿ ಇದೆ, ನಿಜ. ಆದರೆ ಆ ವಿನಾಯಿತಿ ದೇಶದೊಳಗೆ ಇರುವವರಿಗೆ. ಅಮ್ಮನನ್ನು ನೋಡಲು ಊರಿಗೆ ಹೋಗಿ ವಾಪಸ್ಸು ಬರುವಾಗ ಗಡಿಯಲ್ಲಿ ನಿಂತರೆ ಬೇರೆ ನಿಯಮ ಅನ್ವಯಿಸುತ್ತದೆ. ಪೌರತ್ವದ ಅರ್ಜಿಗೆ ಇನ್ನೂ ಒಂದು ಬಾಗಿಲು ದಾಟಬೇಕು. ವಲಸೆ ಸೇವಾ ಇಲಾಖೆ 2019ರ ಏಪ್ರಿಲ್ 19ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ರಾಜ್ಯದಲ್ಲಿ ಅಪರಾಧವಲ್ಲದಿದ್ದರೂ ಫೆಡರಲ್ ಕಾನೂನು ಮೀರಿದ ಗಾಂಜಾ ಚಟುವಟಿಕೆ "ಸನ್ನಡತೆ"ಯ ಷರತ್ತಿಗೆ ಅಡ್ಡಿಯಾಗಬಹುದು. ಗಾಂಜಾ ಉದ್ಯಮದಲ್ಲಿ ಕೆಲಸ ಮಾಡುವುದೂ ಇದರೊಳಗೆ ಬರುತ್ತದೆ. ಗಾಂಜಾ ಮಾರುವ ಡಿಸ್ಪೆನ್ಸರಿಗೆ ತಂತ್ರಾಂಶ ಬರೆದುಕೊಡುವ, ಲೆಕ್ಕಪತ್ರ ನೋಡಿಕೊಡುವ ಕೆಲಸ ಸಿಕ್ಕರೆ ಒಪ್ಪಿಕೊಳ್ಳುವ ಮೊದಲು ವಲಸೆ ವಕೀಲರನ್ನು ಕಾಣಿರಿ.

ಎಚ್-1ಬಿ, ಎಲ್-1 ಉದ್ಯೋಗ ವೀಸಾ, ಎಫ್-1 ವಿದ್ಯಾರ್ಥಿ ವೀಸಾ, ಪ್ರವಾಸಿ ವೀಸಾ: ಈ ಗುಂಪಿನವರಿಗೆ ನನ್ನ ಸಲಹೆ ಒಂದೇ. ಮುಟ್ಟಬೇಡಿ. ಈ ಕಾನೂನಿನಲ್ಲಿ ನನಗೆ ಅತಿ ಕ್ರೂರವೆನಿಸುವ ಭಾಗ ಯಾವುದೆಂದರೆ, ಶಿಕ್ಷೆಯಾಗಿರಬೇಕೆಂದಿಲ್ಲ, ಬಂಧನವೂ ಆಗಿರಬೇಕೆಂದಿಲ್ಲ. ಅಧಿಕಾರಿಯ ಮುಂದೆ ತಪ್ಪಿನ ಅಂಶಗಳನ್ನು ನೀವೇ ಒಪ್ಪಿಕೊಂಡರೂ ಸಾಕು, ದೇಶದೊಳಗೆ ಬರಲು ಅನರ್ಹರಾಗಬಹುದು. ವೀಸಾ ಅರ್ಜಿಯಾದ ಡಿಎಸ್-160ರಲ್ಲಿ ನಿಯಂತ್ರಿತ ವಸ್ತುಗಳ ಕಾನೂನು ಮೀರಿದ್ದೀರಾ ಎಂಬ ಪ್ರಶ್ನೆ ಇದೆ. ಗ್ರೀನ್ ಕಾರ್ಡಿನ ಐ-485 ಅರ್ಜಿಯಲ್ಲೂ ಇದೆ. "ಹೌದು" ಎಂದರೆ ಬಾಗಿಲು ಮುಚ್ಚಬಹುದು. ತಿಂದು, ಸೇದಿ, ಆಮೇಲೆ "ಇಲ್ಲ" ಎಂದು ಬರೆದರೆ ಸುಳ್ಳು ಹೇಳಿದ ಪಾಪವೂ ಸೇರಿ, ಸಿಕ್ಕಿಬಿದ್ದ ದಿನ ಮೊದಲನೆಯದಕ್ಕಿಂತ ದೊಡ್ಡ ಕಂಟಕವಾಗುತ್ತದೆ. ಬಳಸದೇ ಇದ್ದವರಿಗೆ ಮಾತ್ರ ಆ ಪ್ರಶ್ನೆ ಸುಲಭ.

ಹತ್ತು ವರ್ಷ ಸಾಲಿನಲ್ಲಿ ಕಾದ ಮನುಷ್ಯನೊಬ್ಬ ಒಂದು ಗಾಂಜಾ ಮಿಠಾಯಿಗಾಗಿ ಆ ಸಾಲನ್ನು ಪಣಕ್ಕಿಡಬಾರದು. ನಿದ್ದೆಗೆ ಬೇರೆ ದಾರಿಗಳಿವೆ. ಆ ಹುಡುಗನಿಗೂ ಇದನ್ನೇ ಹೇಳಿದೆ. ವೈದ್ಯರ ಹತ್ತಿರ ಕಳುಹಿಸಿದೆ.

ಮುಂದಿನದ್ದು ಮುಖ್ಯವಾಗಿ ಪೌರತ್ವ ಪಡೆದವರಿಗೆ, ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ, ಮತ್ತು ಆ ಮಕ್ಕಳ ಮನೆಗೆ ಬಂದು ಆರು ತಿಂಗಳು ಉಳಿಯುವ ಅಪ್ಪ ಅಮ್ಮಂದಿರ ಸಲುವಾಗಿ.

ರಾಜ್ಯಕ್ಕೊಂದು ತಕ್ಕಡಿ

ಕನ್ನಡಿಗರು ಹೆಚ್ಚು ನೆಲೆಸಿರುವ ರಾಜ್ಯಗಳನ್ನೇ ಹೋಲಿಸುತ್ತೇನೆ. ಕ್ಯಾಲಿಫೋರ್ನಿಯಾ 1996ರಲ್ಲೇ ವೈದ್ಯಕೀಯ ಬಳಕೆಗೆ ದಾರಿ ಮಾಡಿಕೊಟ್ಟಿತು. 2016ರ ಜನಮತದ ನಂತರ 2018ರ ಜನವರಿ 1ರಿಂದ ಎಲ್ಲ ವಯಸ್ಕರಿಗೂ ಅಂಗಡಿ ತೆರೆಯಿತು. ಅಲ್ಲಿ ಒಬ್ಬರು 28.5 ಗ್ರಾಂ ಒಣಗಿದ ಹೂವು, 8 ಗ್ರಾಂ ಸಾಂದ್ರ ರೂಪ (ಗಿಡದಿಂದ ತೆಗೆದ ಗಾಢ ಸಾರ) ಇಟ್ಟುಕೊಳ್ಳಬಹುದು. ಮನೆಗೆ ಆರು ಗಿಡ ಬೆಳೆಸಬಹುದು. ವಾಷಿಂಗ್ಟನ್ ರಾಜ್ಯ 2012ರಲ್ಲಿ ಮತ ಹಾಕಿ 2014ರ ಜುಲೈನಲ್ಲಿ ಅಂಗಡಿ ತೆರೆಯಿತು. ಒಂದು ಔನ್ಸ್ (ಸುಮಾರು 28 ಗ್ರಾಂ) ಹೂವು ಸರಿ, ಆದರೆ ವೈದ್ಯಕೀಯ ಕಾರಣವಿಲ್ಲದೆ ಮನೆಯಲ್ಲಿ ಒಂದೇ ಒಂದು ಗಿಡವೂ ಕೂಡದು. ಸಿಯಾಟಲ್ ಕಡೆಯಿಂದ ಸ್ಯಾನ್ ಹೋಸೆಗೆ, ಸ್ಯಾನ್ ಹೋಸೆಯಿಂದ ಸಿಯಾಟಲ್‌ಗೆ ಕೆಲಸ ಬದಲಿಸುತ್ತ ಓಡಾಡುವವರು ಇದನ್ನು ನೆನಪಿಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಹಿತ್ತಲಲ್ಲಿ ಬೆಳೆದದ್ದು ವಾಷಿಂಗ್ಟನ್ನಿನಲ್ಲಿ ಜೈಲಿನ ಮಾತು.

ನ್ಯೂಜೆರ್ಸಿಯಲ್ಲಿ ಈ ವಿಚಿತ್ರ ಇನ್ನೂ ಹೆಚ್ಚು. 2020ರಲ್ಲಿ ಜನ ಒಪ್ಪಿದರು, 2022ರ ಏಪ್ರಿಲ್ 21ರಂದು ಮಾರಾಟ ಶುರುವಾಯಿತು. ಆರು ಔನ್ಸ್‌ವರೆಗೆ ಇಟ್ಟುಕೊಂಡರೂ ಅಪರಾಧವಲ್ಲ. ಅಷ್ಟು ಉದಾರವಾದ ರಾಜ್ಯದಲ್ಲಿ ಒಂದು ಗಿಡ ನೆಟ್ಟರೆ, ರೋಗಿಯೇ ಆಗಿದ್ದರೂ, ಗಂಭೀರ ಅಪರಾಧ. ಹಿತ್ತಲಲ್ಲಿ ಬದನೆ, ಮೆಂತ್ಯ, ಕರಿಬೇವು ಬೆಳೆಸುವ ನಮ್ಮವರಿಗೆ "ಇನ್ನೊಂದು ಕುಂಡ ಇಟ್ಟರೆ ಏನಾದೀತು" ಎನಿಸುವುದು ಸಹಜ. ಇಡಬೇಡಿ. ಅಲ್ಲದೆ ನ್ಯೂಜೆರ್ಸಿಯ ಬಹುಪಾಲು ಊರುಗಳು 2021ರಲ್ಲಿ ತಮ್ಮಲ್ಲಿ ಅಂಗಡಿಯೇ ಬೇಡವೆಂದವು. ಪಕ್ಕದ ಊರಿನಲ್ಲಿ ಅಂಗಡಿ ಇದೆಯೆಂದು ನಿಮ್ಮೂರಿನಲ್ಲೂ ಇರುತ್ತದೆಯೆಂದಿಲ್ಲ. ಕ್ಯಾಲಿಫೋರ್ನಿಯಾದಲ್ಲೂ ಅಂಗಡಿಯನ್ನು ನಿಷೇಧಿಸುವ ಹಕ್ಕು ಊರಿಗಿದೆ.

ನದಿ ದಾಟಿದರೆ ನ್ಯೂಯಾರ್ಕ್. 2021ರ ಮಾರ್ಚ್ 31ರ ಕಾಯ್ದೆ; ಮೂರು ಔನ್ಸ್ ಹೂವು, 24 ಗ್ರಾಂ ಸಾಂದ್ರ ರೂಪ. ತಂಬಾಕು ಸೇದಬಹುದಾದ ಜಾಗದಲ್ಲಿ ಹೆಚ್ಚು ಕಡಿಮೆ ಗಾಂಜಾವನ್ನೂ ಸೇದಬಹುದು. ಮ್ಯಾನ್‌ಹಟನ್ ಪಾದಚಾರಿ ದಾರಿಯಲ್ಲಿ ಮೂಗಿಗೆ ಬಡಿಯುವ ವಾಸನೆಗೆ ಕಾರಣ ಇದು. ಅದನ್ನು ನೋಡಿ ಬಂದವರು ಸ್ಯಾನ್ ಫ್ರಾನ್ಸಿಸ್ಕೋದ ಬೀದಿಯಲ್ಲೂ ಹಾಗೆಯೇ ಎಂದುಕೊಳ್ಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಸಾರ್ವಜನಿಕ ಸ್ಥಳದಲ್ಲಿ ಸೇದುವುದಕ್ಕೆ 100 ಡಾಲರ್‌ವರೆಗೆ ದಂಡವಿದೆ.

ಇಲಿನಾಯ್ 2020ರ ಜನವರಿ 1ರಿಂದ. ಅಲ್ಲಿನ ನಿಯಮದಲ್ಲಿ ಊರಿನವರು, ಪರಊರಿನವರು ಎಂಬ ಭೇದವಿದೆ: ರಾಜ್ಯದ ನಿವಾಸಿಗೆ 30 ಗ್ರಾಂ ಹೂವು, ಹೊರಗಿನಿಂದ ಬಂದವರಿಗೆ 15 ಗ್ರಾಂ. ತಿನ್ನುವ ರೂಪದಲ್ಲಿ ನಿವಾಸಿಗೆ ಒಟ್ಟು 500 ಮಿಲಿಗ್ರಾಂ ಟಿಎಚ್‌ಸಿ, ಹೊರಗಿನವರಿಗೆ 250. ಟಿಎಚ್‌ಸಿ ಎಂದರೆ ಗಾಂಜಾದಲ್ಲಿ ಅಮಲು ತರುವ ಅಂಶ. ಅಮೆರಿಕದ ಕನ್ನಡ ಕೂಟಗಳ "ಅಕ್ಕ" ಸಮ್ಮೇಳನಕ್ಕೋ ಮದುವೆಗೋ ಶಿಕಾಗೋಗೆ ಹೋದವರು ಅಲ್ಲಿನ ನೆಂಟರ ಲೆಕ್ಕದಲ್ಲಿ ಕೊಂಡರೆ ಮಿತಿ ಮೀರಿದಂತೆಯೇ. ಕೊಲೊರಾಡೊ 2014ರ ಜನವರಿ 1ರಂದು ಅಂಗಡಿ ತೆರೆಯಿತು. ಈಗ ಎರಡು ಔನ್ಸ್ ಇಟ್ಟುಕೊಳ್ಳಬಹುದು.

ತೆರಿಗೆ ನೋಡಿ ರಾಜ್ಯ ಆರಿಸುವವರು ಕಡಿಮೆ. ಆದರೂ ಹೇಳುತ್ತೇನೆ: ವಾಷಿಂಗ್ಟನ್ನಿನಲ್ಲಿ ಅಬಕಾರಿ ತೆರಿಗೆಯೇ 37 ಶೇಕಡಾ. ಕ್ಯಾಲಿಫೋರ್ನಿಯಾದಲ್ಲಿ 2025ರ ಜುಲೈನಲ್ಲಿ 19ಕ್ಕೆ ಏರಿಸಿ, ಅಕ್ಟೋಬರಿನಲ್ಲಿ ಮತ್ತೆ 15ಕ್ಕೆ ಇಳಿಸಿದರು. ಇದರ ಮೇಲೆ ಊರಿನ ತೆರಿಗೆ, ಮಾರಾಟ ತೆರಿಗೆ ಬೇರೆ.

ಗಡಿ ದಾಟಿದ ಮಿಠಾಯಿ

ಎರಡು ಕಾನೂನುಬದ್ಧ ರಾಜ್ಯಗಳ ನಡುವೆಯೂ ಗಾಂಜಾ ಸಾಗಿಸುವಂತಿಲ್ಲ, ಏಕೆಂದರೆ ರಾಜ್ಯದ ಗಡಿ ದಾಟಿದ ಕ್ಷಣ ಅದು ಫೆಡರಲ್ ವಿಷಯ. ನ್ಯೂಯಾರ್ಕಿನಿಂದ ನಯಾಗರಾ ನೋಡಲು ಹೋಗಿ ಕೆನಡಾ ಬದಿಗೆ ದಾಟುವವರಿಗೂ ಇದೇ ಮಾತು. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ದೇಶಾದ್ಯಂತ ಕಾನೂನುಬದ್ಧ, ಈಚೆ ನ್ಯೂಯಾರ್ಕಿನಲ್ಲೂ ಕಾನೂನುಬದ್ಧ, ನಡುವಿನ ಸೇತುವೆಯ ಮೇಲೆ ಮಾತ್ರ ಅಪರಾಧ.

ಆದರೆ ನಿಜವಾದ ಭಯ ಟೆಕ್ಸಸ್. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ನಿನಲ್ಲಿ ನಮ್ಮವರು ಎಷ್ಟಿಲ್ಲ! ಬೇಸಿಗೆ ರಜೆಯಲ್ಲಿ ಕೊಲೊರಾಡೊ ಬೆಟ್ಟ ನೋಡಿಕೊಂಡು ಕಾರಿನಲ್ಲಿ ವಾಪಸ್ಸು ಬರುತ್ತಾರೆ. ಕಾಲೇಜಿಗೆ ಹೋಗುವ ಮಗ ಹಿಂದಿನ ಸೀಟಿನ ಚೀಲದಲ್ಲಿ ಒಂದು ಪೊಟ್ಟಣ ಗಮ್ಮಿ (ಗಾಂಜಾ ಬೆರೆಸಿದ ಮೆತ್ತನೆಯ ಮಿಠಾಯಿ) ಇಟ್ಟುಕೊಂಡಿದ್ದಾನೆ ಎಂದುಕೊಳ್ಳಿ. ಹತ್ತು ಗಮ್ಮಿ, ಒಂದೊಂದು ನಾಲ್ಕು ಗ್ರಾಂ ತೂಕ, ಪ್ರತಿಯೊಂದರಲ್ಲೂ 10 ಮಿಲಿಗ್ರಾಂ ಟಿಎಚ್‌ಸಿ. ಒಟ್ಟು ಟಿಎಚ್‌ಸಿ ಒಂದು ಗ್ರಾಮಿನ ಹತ್ತನೇ ಒಂದು ಭಾಗ. ಟೆಕ್ಸಸ್ ಆ ಹತ್ತನೇ ಒಂದು ಭಾಗವನ್ನಷ್ಟೇ ತೂಗುವುದಿಲ್ಲ. ಸಕ್ಕರೆ, ಜೆಲಾಟಿನ್, ಬಣ್ಣ ಎಲ್ಲ ಸೇರಿಸಿ 40 ಗ್ರಾಂ ಎಂದು ಲೆಕ್ಕ ಹಾಕುತ್ತದೆ. ಟಿಎಚ್‌ಸಿಯ ಸಾಂದ್ರ ರೂಪ ನಾಲ್ಕು ಗ್ರಾಮಿನಿಂದ 400 ಗ್ರಾಂ ಒಳಗಿದ್ದರೆ ಅಲ್ಲಿ ಎರಡನೇ ದರ್ಜೆಯ ಘೋರ ಅಪರಾಧ: ಎರಡರಿಂದ ಇಪ್ಪತ್ತು ವರ್ಷ ಸೆರೆಮನೆ. ಅದೇ ಹುಡುಗನ ಬಳಿ ಎರಡು ಔನ್ಸಿಗಿಂತ ಕಡಿಮೆ ಒಣಗಿದ ಗಾಂಜಾ ಇದ್ದಿದ್ದರೆ 180 ದಿನಗಳವರೆಗಿನ ಶಿಕ್ಷೆಯ ಸಣ್ಣ ಅಪರಾಧ. ಮಿಠಾಯಿ ಮೃದುವಾಗಿ, ಮುಗ್ಧವಾಗಿ ಕಾಣುತ್ತದೆ. ಕಾನೂನಿನ ಕಣ್ಣಿಗೆ ಹೂವಿಗಿಂತ ಅದೇ ಭಾರ. ಮನೆಯಲ್ಲಿ ಹದಿಹರೆಯ ದಾಟಿದ ಮಕ್ಕಳಿರುವವರು ಈ ಒಂದು ಪ್ಯಾರಾವನ್ನಾದರೂ ಅವರಿಗೆ ಓದಿ ಹೇಳಿ. ಬೈಯುವುದಕ್ಕಲ್ಲ, ತಿಳಿಸುವುದಕ್ಕೆ.

ಕಾನೂನುಬದ್ಧ ರಾಜ್ಯದೊಳಗೂ ಫೆಡರಲ್ ನೆಲ ಚೂರುಚೂರಾಗಿ ಹರಡಿದೆ. ಯೊಸೆಮಿಟಿ, ಒಲಿಂಪಿಕ್, ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನಗಳು ಮಾತ್ರವಲ್ಲ, ಊರಿನಿಂದ ಬಂದ ಅತ್ತೆ ಮಾವನನ್ನು ನಾವು ಕರೆದೊಯ್ಯುವ ಮ್ಯೂರ್ ವುಡ್ಸ್, ಸ್ಯಾನ್ ಫ್ರಾನ್ಸಿಸ್ಕೋದ ಓಷನ್ ಬೀಚ್, ಬೇಕರ್ ಬೀಚ್ ಎಲ್ಲವೂ ರಾಷ್ಟ್ರೀಯ ಉದ್ಯಾನ ಸೇವೆಯ ಆಡಳಿತದಲ್ಲಿವೆ. ಅಲ್ಲಿ ಜೇಬಿನಲ್ಲಿ ಇಟ್ಟುಕೊಂಡಿರುವುದೇ ಅಪರಾಧ. ಫೆಡರಲ್ ಕಾನೂನಿನಲ್ಲಿ ಮೊದಲ ಸಲ ಸಿಕ್ಕಿಬಿದ್ದರೂ ಕನಿಷ್ಠ 1000 ಡಾಲರ್ ದಂಡ, ಒಂದು ವರ್ಷದವರೆಗೆ ಸೆರೆ.

ಪರವಾನಗಿ ಅಂಗಡಿಯೋ, ಬೀದಿ ಅಂಗಡಿಯೋ, ವೈದ್ಯಕೀಯ ಕಾರ್ಡೋ

ನಮ್ಮೂರಲ್ಲಿ ಡಿಸ್ಪೆನ್ಸರಿ ಎಂದರೆ ಸೀಸೆ ಹಿಡಿದು ಹೋಗಿ ಕೆಮ್ಮಿನ ಔಷಧಿ ತರುತ್ತಿದ್ದ ಜಾಗ. ಇಲ್ಲಿ ಆ ಹೆಸರು ಗಾಂಜಾ ಅಂಗಡಿಗೆ ಅಂಟಿಕೊಂಡಿದೆ. ಪರವಾನಗಿ ಇರುವ ಅಂಗಡಿಯನ್ನು ಗುರುತಿಸುವುದು ಕಷ್ಟವಲ್ಲ: ಬಾಗಿಲಲ್ಲೇ ವಯಸ್ಸಿನ ಗುರುತಿನ ಚೀಟಿ ಕೇಳುತ್ತಾರೆ, ಪೊಟ್ಟಣದ ಮೇಲೆ ಪ್ರಯೋಗಾಲಯದ ಪರೀಕ್ಷೆಯ ವಿವರ ಇರುತ್ತದೆ, ಟಿಎಚ್‌ಸಿ ಪ್ರಮಾಣ ಮಿಲಿಗ್ರಾಂ ಲೆಕ್ಕದಲ್ಲಿ ಬರೆದಿರುತ್ತದೆ. ಕ್ಯಾಲಿಫೋರ್ನಿಯಾದ ಪೊಟ್ಟಣದ ಮೇಲೆ ತ್ರಿಕೋನದೊಳಗೆ ಎಲೆ, ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಇರುತ್ತದೆ. ನ್ಯೂಯಾರ್ಕಿನ ಪರವಾನಗಿ ಅಂಗಡಿಯ ಬಾಗಿಲ ಬಳಿ ಕ್ಯೂಆರ್ ಕೋಡ್ ಇರುವ ಫಲಕ ಅಂಟಿಸಿರುತ್ತಾರೆ. ಮೊಬೈಲ್ ಹಿಡಿದರೆ ಅಂಗಡಿ ಅಸಲಿಯೇ ಎಂದು ತಿಳಿಯುತ್ತದೆ. ಅಲ್ಲಿ ಇದು ಬೇಕೇಬೇಕು, ಏಕೆಂದರೆ ಕಾಯ್ದೆ ಬಂದ ಮೇಲೆ ನ್ಯೂಯಾರ್ಕ್ ನಗರದಲ್ಲಿ ಪರವಾನಗಿ ಇಲ್ಲದ ಅಂಗಡಿಗಳು ಅಣಬೆಗಳಂತೆ ಎದ್ದವು. 2024ರಲ್ಲಿ ನಗರಾಡಳಿತ ಬೀಗ ಜಡಿಯತೊಡಗಿದ ಮೇಲೆಯೇ ಅವು ಕಡಿಮೆಯಾದದ್ದು. ಬೀದಿ ಅಂಗಡಿಯಲ್ಲಿ ಅಗ್ಗ, ನಿಜ. ಆದರೆ ಅಲ್ಲಿ ಕೊಂಡದ್ದರಲ್ಲಿ ಕೀಟನಾಶಕ ಇದೆಯೇ, ಬೂಷ್ಟು ಇದೆಯೇ, ಬರೆದಷ್ಟೇ ಟಿಎಚ್‌ಸಿ ಇದೆಯೇ ಎಂದು ಹೇಳುವವರಿಲ್ಲ. ನನ್ನ ಮಟ್ಟಿಗೆ ಇಲ್ಲಿ ಆಯ್ಕೆಯೇ ಇಲ್ಲ. ಪರವಾನಗಿ ಅಂಗಡಿ ಒಂದೇ.

ಹೆಚ್ಚಿನ ಅಂಗಡಿಗಳಲ್ಲಿ ನಗದು ಅಥವಾ ಡೆಬಿಟ್ ಕಾರ್ಡ್. ರಿಯಾಯಿತಿಗಾಗಿ ಹೆಸರು, ಮೊಬೈಲ್ ಸಂಖ್ಯೆ ಕೊಟ್ಟು ಸದಸ್ಯರಾಗಿ ಎಂದು ಕೇಳುತ್ತಾರೆ. ನಾಲ್ಕು ಡಾಲರ್ ಉಳಿತಾಯಕ್ಕೆ ಅಂತಹ ದಾಖಲೆ ಬೇಡ.

ಪೆಟ್ರೋಲ್ ಬಂಕಿನಲ್ಲಿ, ಸಿಗರೇಟ್ ಅಂಗಡಿಯಲ್ಲಿ ಸಿಗುವ "ಹೆಂಪ್" ಗಮ್ಮಿ, ಡೆಲ್ಟಾ-8 (ಟಿಎಚ್‌ಸಿಯದೇ ಇನ್ನೊಂದು ರೂಪ) ಎಂಬ ಹೆಸರಿನವು ಮೂರನೇ ದಾರಿ. 2018ರ ಕೃಷಿ ಕಾಯ್ದೆ ಒಣತೂಕದಲ್ಲಿ ಶೇಕಡಾ 0.3ಕ್ಕಿಂತ ಹೆಚ್ಚು ಡೆಲ್ಟಾ-9 ಟಿಎಚ್‌ಸಿ ಇಲ್ಲದ ಗಿಡವನ್ನು ಹೆಂಪ್ ಎಂದು ಕರೆದು ನಿಯಂತ್ರಣದಿಂದ ಹೊರಗಿಟ್ಟಿತು. ಆ ಸಂದಿಯಲ್ಲಿ ಅಮಲು ತರುವ ನೂರಾರು ಸರಕು ನುಸುಳಿದವು. 2025ರ ನವೆಂಬರ್ 12ರಂದು ಸಹಿಯಾದ ಕಾನೂನು ಆ ಸಂದಿಯನ್ನು ಮುಚ್ಚಲು ಒಂದು ವರ್ಷದ ಗಡುವು ಕೊಟ್ಟು, ಒಂದು ಡಬ್ಬಿಗೆ 0.4 ಮಿಲಿಗ್ರಾಂ ಒಟ್ಟು ಟಿಎಚ್‌ಸಿ ಎಂಬ ಬಿಗಿ ಮಿತಿ ಹಾಕಿತು. "ಹೆಂಪ್ ಎಂದು ಬರೆದಿತ್ತು" ಎಂಬ ಸಮಜಾಯಿಷಿ ಕಚೇರಿಯ ಮೂತ್ರ ಪರೀಕ್ಷೆಯಲ್ಲಿ ನಡೆಯುವುದಿಲ್ಲ. ಈ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ.

ವೈದ್ಯಕೀಯ ಕಾರ್ಡಿನ ವಿಷಯ ಬೇರೆ. ನಿಜವಾದ ಕಾಯಿಲೆ ಇರುವ ಪೌರರಿಗೆ ಅದರಿಂದ ಲಾಭವಿದೆ: ಇಲಿನಾಯ್‌ನಲ್ಲಿ ಗಿಡ ಬೆಳೆಸುವ ಹಕ್ಕು ಕಾರ್ಡ್ ಇರುವವರಿಗೆ ಮಾತ್ರ, ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಗುರುತಿನ ಕಾರ್ಡಿಗೆ ಮಾರಾಟ ತೆರಿಗೆಯ ವಿನಾಯಿತಿ. ಫ್ಲೋರಿಡಾದಲ್ಲಿ ಕಾರ್ಡ್ ಇಲ್ಲದೆ ದಾರಿಯೇ ಇಲ್ಲ. ಅಲ್ಲಿನ 2024ರ ಜನಮತಕ್ಕೆ ಬೇಕಾದ ಶೇಕಡಾ 60 ಮತ ಬರಲಿಲ್ಲ. ಆದರೆ ವೀಸಾದಲ್ಲಿರುವವರು "ವೈದ್ಯರೇ ಬರೆದುಕೊಟ್ಟಿದ್ದಾರಲ್ಲ" ಎಂದು ಕಾರ್ಡ್ ಮಾಡಿಸಿಕೊಂಡರೆ, ಫೆಡರಲ್ ಕಾನೂನು ಮೀರಿದ್ದಕ್ಕೆ ತಮ್ಮ ಕೈಯಾರೆ ಸಾಕ್ಷಿ ಬರೆದುಕೊಟ್ಟಂತೆ.

ಸೇದುವುದೋ, ತಿನ್ನುವುದೋ

ಅಂಗಡಿಯವರು ರುಚಿ, ತಳಿ ಎಂದು ಬಗೆಬಗೆಯ ಮಾತಾಡುತ್ತಾರೆ. ಮನೆಮಂದಿಗೆ ಗೊತ್ತಿರಬೇಕಾದದ್ದು ಸಮಯ. ಸೇದಿದ್ದು ಕೆಲವೇ ನಿಮಿಷದಲ್ಲಿ ತಲೆಗೇರುತ್ತದೆ, ಎರಡು ಮೂರು ಗಂಟೆಯಲ್ಲಿ ಇಳಿಯುತ್ತದೆ. ತಿಂದದ್ದು ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಸದ್ದೇ ಮಾಡುವುದಿಲ್ಲ, ಆಮೇಲೆ ಹಿಡಿದರೆ ಆರು ಗಂಟೆ, ಕೆಲವೊಮ್ಮೆ ಹನ್ನೆರಡು ಗಂಟೆ ಬಿಡುವುದಿಲ್ಲ. "ಏನೂ ಆಗಲಿಲ್ಲವಲ್ಲ" ಎಂದು ಮುಕ್ಕಾಲು ಗಂಟೆಗೆ ಇನ್ನೊಂದು ತಿನ್ನುವುದೇ ಎಲ್ಲ ಅನಾಹುತದ ಮೂಲ.

ಹೆಚ್ಚಿನ ರಾಜ್ಯಗಳಲ್ಲಿ ಒಂದು ಗಮ್ಮಿಗೆ 10 ಮಿಲಿಗ್ರಾಂ, ಪೊಟ್ಟಣಕ್ಕೆ 100 ಮಿಲಿಗ್ರಾಂ ಮಿತಿ. ಮ್ಯಾಸಚೂಸೆಟ್ಸ್‌ನಲ್ಲಿ ಒಂದಕ್ಕೆ 5. ಹೊಸಬರಿಗೆ ಹೇಳುವ ಪ್ರಮಾಣ 2.5 ಮಿಲಿಗ್ರಾಂ, ಎಂದರೆ ಹತ್ತರ ಗಮ್ಮಿಯಲ್ಲಿ ಕಾಲು ಭಾಗ. ಚಾಕುವಿನಲ್ಲಿ ಅಡಿಕೆ ಹೋಳು ಮಾಡಿದಂತೆ ನಾಲ್ಕು ಮಾಡಿ, ಮೂರನ್ನು ಬೀಗ ಹಾಕಿಡಬೇಕು.

ಬೀಗದ ಮಾತನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಎರಡು ವರ್ಷದ ಹಿಂದೆ, ನಮ್ಮ ಪರಿಚಯದ ಒಂದು ಮನೆಗೆ ದಾವಣಗೆರೆಯಿಂದ ಅಮ್ಮ ಬಂದಿದ್ದರು. ಮಗ, ಸೊಸೆ ಇಬ್ಬರೂ ಇಲ್ಲಿನ ಪೌರರು. ಫ್ರಿಜ್ಜಿನ ಬಾಗಿಲಿನ ತಟ್ಟೆಯಲ್ಲಿ, ಮೊಮ್ಮಗಳ ವಿಟಮಿನ್ ಸೀಸೆಯ ಪಕ್ಕದಲ್ಲಿ, ಒಂದು ಚಿಕ್ಕ ಡಬ್ಬಿ. ಮಧ್ಯಾಹ್ನ ಬಾಯಿ ಸಪ್ಪೆಯೆನಿಸಿ ಆ ಅಮ್ಮ ಎರಡು ಗಮ್ಮಿ ತಿಂದರು. ಸಂಜೆ ಮಗ ನನಗೆ ಫೋನ್ ಮಾಡಿದಾಗ ಅವರು ಸೋಫಾದ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕೂತಿದ್ದರಂತೆ, ಬಿಟ್ಟರೆ ಬೀಳುತ್ತೇನೆ ಎಂಬಂತೆ. ನಾನು ಹೋದಾಗ ಅಂಗೈ ಹಿಮದಂತೆ ತಣ್ಣಗಿತ್ತು, ಕತ್ತಿನ ನರ ಹಾರುತ್ತಿತ್ತು. "ನನಗೆ ಏನೋ ಆಗುತ್ತಿದೆ ಕಣಮ್ಮಾ, ಗೋಡೆ ಹತ್ತಿರ ಬರುತ್ತಿದೆ, ಮಗೂನ ಆಚೆ ಕರೆದುಕೊಂಡು ಹೋಗು" ಎಂದರು. ತನಗೆ ಪ್ರಾಣ ಹೋಗುತ್ತಿದೆ ಎಂದುಕೊಂಡ ಗಳಿಗೆಯಲ್ಲೂ ಮೊಮ್ಮಗಳು ಅದನ್ನು ನೋಡಬಾರದು ಎಂಬುದೇ ಅವರ ಚಿಂತೆ.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಮಗ ಕೇಳಿದ್ದು ಒಂದೇ: ಡಾಕ್ಟರಿಗೆ ನಿಜ ಹೇಳಬೇಕೇ? ಹೇಳಲೇಬೇಕು. ಹೇಳದಿದ್ದರೆ ಪಾರ್ಶ್ವವಾಯುವೋ ಹೃದಯಾಘಾತವೋ ಎಂದು ಪರೀಕ್ಷೆಯ ಮೇಲೆ ಪರೀಕ್ಷೆ ಮಾಡುತ್ತ ಗಂಟೆ ಕಳೆಯುತ್ತಾರೆ. ಹೇಳಿದ ಮೇಲೆ ಡಾಕ್ಟರ್ ಆ ಅಮ್ಮನ ರಕ್ತದೊತ್ತಡದ ಮಾತ್ರೆಗಳ ಹೆಸರು ಕೇಳಿಕೊಂಡರು, ರಾತ್ರಿಯಿಡೀ ನಿಗಾ ಇಟ್ಟರು. ಬೆಳಗಿನ ಹೊತ್ತಿಗೆ ಸರಿಹೋದರು. ಆದರೆ ಆ ಆರು ತಿಂಗಳಲ್ಲಿ ಅವರು ಮತ್ತೆ ಆ ಮನೆಯ ಫ್ರಿಜ್ಜನ್ನು ತಾವಾಗಿ ತೆರೆಯಲಿಲ್ಲ. ಚಿಕ್ಕ ಮಕ್ಕಳಿಗಾದರೆ ಇದು ಪ್ರಾಣಕ್ಕೇ ಅಪಾಯ. ಅಮೆರಿಕದಲ್ಲೆಲ್ಲ ಕೆಲಸ ಮಾಡುವ ವಿಷ ಸಹಾಯವಾಣಿ 1-800-222-1222. ಉಸಿರಾಟ ಏರುಪೇರಾದರೆ ನೇರ 911.

ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ, ಗಾಂಜಾ ಗಿಡದ ಅಮಲಿಲ್ಲದ ಅಂಶವಾದ ಸಿಬಿಡಿಯ ಎಣ್ಣೆಯೂ ಮಾತ್ರೆಯ ಪರಿಣಾಮವನ್ನು ಹೆಚ್ಚಿಸಬಹುದು. ಮಂಡಿನೋವಿಗೆ ಎಂದು ಪ್ರೀತಿಯಿಂದ ಕೊಡುವ ಮೊದಲು ಅವರ ವೈದ್ಯರನ್ನು ಕೇಳಿ. ಬಸುರಿಯರು, ಎದೆಹಾಲು ಕುಡಿಸುವವರು ಯಾವ ರೂಪದಲ್ಲೂ ಬಳಸಬಾರದು.

ಹಾಗಾದರೆ ಯಾವುದು ಮೇಲು? ಒಂಟಿಯಾಗಿರುವ, ಅನುಭವವಿಲ್ಲದ ಪೌರನಿಗೆ ಕಾಲು ಗಮ್ಮಿ, ಶ್ವಾಸಕೋಶದ ದೃಷ್ಟಿಯಿಂದಲೂ. ಮಕ್ಕಳು, ಹಿರಿಯರು ಇರುವ ಮನೆಯಲ್ಲಿ ಮಿಠಾಯಿಯಂತೆ ಕಾಣುವ ಯಾವುದನ್ನೂ ತರಲೇಬಾರದು ಎಂಬುದು ನನ್ನ ಹಟ.

ಸ್ವಂತ ಮನೆ, ಬಾಡಿಗೆ ಮನೆ, ಕಾರು, ಕಚೇರಿ

ಸ್ವಂತ ಮನೆಯಲ್ಲಿ ತೊಂದರೆಯಿಲ್ಲ. ಬಾಡಿಗೆ ಮನೆಯಲ್ಲಿ ಕರಾರುಪತ್ರ ಓದಬೇಕು. ಹೊಗೆ ಕೂಡದು ಎಂದು ಬರೆದಿದ್ದರೆ ಗಾಂಜಾದ ಹೊಗೆಗೂ ಅದು ಅನ್ವಯಿಸುತ್ತದೆ. ಹೋಟೆಲುಗಳಲ್ಲೂ ಹಾಗೆಯೇ.

ಕಾರಿನಲ್ಲಿ ಎಲ್ಲ ರಾಜ್ಯವೂ ಬಿಗಿ. ಒಡೆದ ಪೊಟ್ಟಣ ಡಿಕ್ಕಿಯಲ್ಲಿರಲಿ, ಕೈಗೆಟುಕುವಲ್ಲಿ ಬೇಡ. ಇಲಿನಾಯ್ ಸರ್ವೋಚ್ಚ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ, ಕಾರಿನಿಂದ ಹಸಿ ಗಾಂಜಾದ ವಾಸನೆ ಬಂದರೆ ಪೊಲೀಸರು ತಪಾಸಣೆ ಮಾಡಲು ಅಷ್ಟೇ ಸಾಕು ಎಂದಿತು. ಚಾಲನೆಯ ವಿಷಯದಲ್ಲಿ ವಾಷಿಂಗ್ಟನ್, ಇಲಿನಾಯ್, ಕೊಲೊರಾಡೊಗಳಲ್ಲಿ ರಕ್ತದ ಪ್ರತಿ ಮಿಲಿಲೀಟರಿಗೆ 5 ನ್ಯಾನೋಗ್ರಾಂ ಟಿಎಚ್‌ಸಿ ಎಂಬ ಗೆರೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಅಂತಹ ಅಂಕಿಯಿಲ್ಲ. ಅದರರ್ಥ ಸಡಿಲ ಎಂದಲ್ಲ, ಪೊಲೀಸರು ನಿಮ್ಮ ಚಾಲನೆಯನ್ನೂ ನಡಿಗೆಯನ್ನೂ ನೋಡಿ ತೀರ್ಮಾನಿಸುತ್ತಾರೆ.

ಕೆಲಸದ ವಿಷಯಕ್ಕೆ ಬಂದರೆ ನ್ಯೂಯಾರ್ಕ್, ನ್ಯೂಜೆರ್ಸಿ ಮತ್ತು 2024ರ ಜನವರಿ 1ರಿಂದ ಕ್ಯಾಲಿಫೋರ್ನಿಯಾ, ಬಿಡುವಿನ ವೇಳೆಯಲ್ಲಿ ಮನೆಯಲ್ಲಿ ಬಳಸಿದ್ದಕ್ಕೆ ನೌಕರರಿಗೆ ಬಹುಮಟ್ಟಿನ ರಕ್ಷಣೆ ಕೊಡುತ್ತವೆ. ಸರ್ಕಾರಿ ಭದ್ರತಾ ಅನುಮತಿ ಬೇಕಾದ ಕೆಲಸ, ಕ್ಯಾಲಿಫೋರ್ನಿಯಾದಲ್ಲಿ ಕಟ್ಟಡ ನಿರ್ಮಾಣದ ಕೆಲಸ ಇದರಿಂದ ಹೊರಗೆ. ಅಮಲಿನಲ್ಲಿ ಕೆಲಸಕ್ಕೆ ಬರುವುದಕ್ಕೆ ಎಲ್ಲಿಯೂ ರಕ್ಷಣೆಯಿಲ್ಲ.

ಊರಿಗೆ ಹೊರಡುವ ಮುನ್ನ

ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಭಕ್ತರು ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವುದನ್ನು ಕೇಳಿದವರು, 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಆದೇಶದಲ್ಲಿ ಭಂಗಿ ಭಾರತದ ಮಾದಕ ವಸ್ತುಗಳ ಕಾಯ್ದೆಯಾದ ಎನ್‌ಡಿಪಿಎಸ್ ವ್ಯಾಪ್ತಿಗೆ ಬರುವುದಿಲ್ಲ ಎಂದದ್ದನ್ನು ಓದಿದವರು, ನಮ್ಮಲ್ಲೂ ಸಡಿಲವೇ ಎಂದುಕೊಳ್ಳುತ್ತಾರೆ. ಭಂಗಿ ಎಲೆಯ ಮಾತು ಬೇರೆ. 1985ರ ಆ ಕಾಯ್ದೆ ಗಿಡದ ಹೂವಿನ ತುದಿಯನ್ನು ಗಾಂಜಾ ಎಂದೂ ರಾಳ, ಎಣ್ಣೆಯನ್ನು ಚರಸ್ ಎಂದೂ ಸ್ಪಷ್ಟವಾಗಿ ನಿಷೇಧಿಸಿದೆ. ಒಂದು ಕಿಲೋ ಒಳಗಿನ ಗಾಂಜಾ "ಸಣ್ಣ ಪ್ರಮಾಣ" ಎನಿಸಿಕೊಂಡರೂ ಒಂದು ವರ್ಷದವರೆಗೆ ಸೆರೆ, ಹತ್ತು ಸಾವಿರ ರೂಪಾಯಿವರೆಗೆ ದಂಡ ಇಲ್ಲವೇ ಎರಡೂ ಆಗಬಹುದು. ಗಾಂಜಾ ಎಣ್ಣೆ ತುಂಬಿದ ವೇಪ್ ಪೆನ್ ತಂದರೆ ಎರಡು ತಪ್ಪು, ಏಕೆಂದರೆ ಇ-ಸಿಗರೇಟನ್ನೇ ಭಾರತ 2019ರಲ್ಲಿ ನಿಷೇಧಿಸಿದೆ. ಬ್ಯಾಂಕಾಕಿನಿಂದ ಬರುವ ಹೈಡ್ರೋಪೋನಿಕ್ (ಮಣ್ಣಿಲ್ಲದೆ ನೀರಿನಲ್ಲಿ ಬೆಳೆದ) ಗಾಂಜಾದ ಕಾರಣ ಬೆಂಗಳೂರು ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳ ಕಣ್ಣು ಈಗ ಬಹಳ ಚುರುಕಾಗಿದೆ.

ಈ ಬದಿಯಲ್ಲೂ ಅಷ್ಟೇ. ಇಲ್ಲಿನ ವಿಮಾನ ನಿಲ್ದಾಣದ ತಪಾಸಣೆ ಸಿಬ್ಬಂದಿ ಗಾಂಜಾ ಹುಡುಕುವುದೇ ತಮ್ಮ ಕೆಲಸವಲ್ಲ ಎನ್ನುತ್ತಾರೆ, ಆದರೆ ಕಂಡರೆ ಪೊಲೀಸರಿಗೆ ತಿಳಿಸುತ್ತಾರೆ. ಶಿಕಾಗೋದ ಒಹೇರ್ ನಿಲ್ದಾಣದಲ್ಲಿ 2020ರಿಂದ ಒಂದು ಪೆಟ್ಟಿಗೆ ಇಟ್ಟಿದ್ದಾರೆ. ಮರೆತು ತಂದವರು ತಪಾಸಣೆಯ ಸಾಲು ದಾಟಿದ ಮೇಲೂ ಅದರೊಳಗೆ ಹಾಕಿ ನಿಶ್ಚಿಂತೆಯಿಂದ ಹೋಗಬಹುದು. ಎಲ್ಲ ನಿಲ್ದಾಣಗಳಲ್ಲಿ ಅಂತಹ ದಯೆಯಿಲ್ಲ. ಡೆನ್ವರಿನಲ್ಲಿ ನಿಲ್ದಾಣದ ಆವರಣದಲ್ಲೇ ನಿಷೇಧ. ಆದ್ದರಿಂದ ಸೂಟ್‌ಕೇಸ್ ಕಟ್ಟುವ ಹಿಂದಿನ ರಾತ್ರಿ, ಮಕ್ಕಳ ಬೆನ್ನಚೀಲದ ಚಿಕ್ಕ ಜೇಬುಗಳನ್ನೂ ಚಳಿಗಾಲದ ಕೋಟಿನ ಒಳಜೇಬನ್ನೂ ಒಮ್ಮೆ ತಿರುವಿ ಹೊದಿಕೆಯ ಮೇಲೆ ಕೊಡವಿ ನೋಡಿ.